ಪಂಜಿ ಉಂಡ ಮಣ್ಣು

ಮಣ್ಣು ನೋಡಲು ಶಿರಸಿಯಿಂದ ಬಂದವಳು ಫ್ಲೋರಿನ್.
ಅವಳ ಚೀಲದಲ್ಲಿ ಸೀಸೆ, ಚಮಚ, ಒಂದು ಡೈರಿ.
ಅಕ್ಕಾ, ಹತ್ತಿಬಟ್ಟೆ ಇದ್ದರೆ ಕೊಡು ಅಂದಳು,
ಹಳೇದು ಸಾಕು, ಆದರೆ ಬರೀ ಹತ್ತಿ ಇರಬೇಕು.
ಎರಡು ತುಂಡು ಮಾಡಿ ಎರಡು ಕಡೆ ಹೂಳೋಣ.
ಎರಡು ತಿಂಗಳು ಬಿಟ್ಟು ಅಗೆದಾಗ
ಬಟ್ಟೆ ಕರಗಿದ್ದರೆ ಮಣ್ಣಿಗೆ ಜೀವ ಇದೆ.

ನಮ್ಮ ಮನೆಯಲ್ಲಿ ಹತ್ತಿ ಎಲ್ಲಿಂದ ಬರಬೇಕು?
ನನ್ನ ಸೀರೆಗಳೆಲ್ಲ ಜಾರುವಂಥವು,
ಮಗಳ ಚೂಡಿದಾರ ಕತ್ತಲಲ್ಲಿ ಕಳಚಿದರೆ
ಚಟಪಟ ಕಿಡಿ ಹಾರುತ್ತದೆ.
ಒಳಗಿನ ಹಗ್ಗದ ಮೇಲೆ ಮೂರು ವರ್ಷದಿಂದ
ಒಗೆಯದೇ ಇಟ್ಟದ್ದು ಒಂದೇ,
ಅವರ ಪಂಜಿ.
ಹಸುರು ಅಂಚು. ಮೊಣಕಾಲಿನ ಹತ್ತಿರ
ಗೇರುಸೊನೆಯ ಕಲೆ, ಯಾವ ಸೋಪಿಗೂ ಹೋಗದ್ದು.

ತಂದು ಕೊಟ್ಟವಳು ನಾನೇ. ಹರಿದವಳೂ ನಾನೇ.
ಹರಿಯುವಾಗ ಆದ ಸದ್ದನ್ನು
ಫ್ಲೋರಿನ್ ಡೈರಿಯಲ್ಲಿ ಬರೆದುಕೊಳ್ಳಲಿಲ್ಲ.

ಅರ್ಧ ಹಿತ್ಲಲ್ಲಿ ಹೂತೆವು, ಬಸಳೆ ಬುಡದಲ್ಲಿ.
ಅಲ್ಲಿಗೆ ನಾನು ವರ್ಷವಿಡೀ ಹೊರುತ್ತೇನೆ
ದರಕು, ಸಗಣಿ, ಒಲೆಬೂದಿ,
ಬೆಕ್ಕಿನ ಕಣ್ಣು ತಪ್ಪಿಸಿ ತಾರ್ಲೆ ಮೀನಿನ ತಲೆ.
ಇನ್ನರ್ಧ ಹೆದ್ದಾರಿ ಪಕ್ಕದ ತುಂಡಿನಲ್ಲಿ.
ಅದನ್ನು ನಾಲ್ಕು ವರ್ಷ ಕಲ್ಲಂಗಡಿಗೆ ಗೇಣಿ ಕೊಟ್ಟಿದ್ದೆವು.
ಗೇಣಿಯವನು ದುಡ್ಡು ಸರಿಯಾಗಿಯೇ ಕೊಟ್ಟ,
ಸುಳ್ಳು ಹೇಳಬಾರದು.
ಬಿಟ್ಟು ಹೋಗುವಾಗ ಕಪ್ಪು ಪ್ಲಾಸ್ಟಿಕ್ಕಿನ ಚೂರು,
ಖಾಲಿ ಗೊಬ್ಬರಚೀಲ, ಮತ್ತೆ
ಗುದ್ದಲಿ ಹಾಕಿದರೆ ಠಣ್ ಅನ್ನುವ ನೆಲ.

ಆ ಎರಡು ತಿಂಗಳು
ನಾನು ನೀರು ಹೊಯ್ಯುವ ನೆಪದಲ್ಲಿ
ಬಸಳೆ ಬುಡದಲ್ಲೇ ಕೂತೆ.
ದಿನಾ ತುಳಿದು ಓಡಾಡಿದ್ದನ್ನು ಆಗ ನೋಡಿದೆ:
ಬೆಳಗಾದರೆ ಎರೆಹುಳದ ಹಿಕ್ಕೆ,
ಒರಳಲ್ಲಿ ಒತ್ತಿದ ಸಣ್ಣ ಸಣ್ಣ ಶೇವು.
ಮುಟ್ಟಿದೊಡನೆ ಸುರುಳಿ ಸುತ್ತುವ ಚೋರಟೆ.
ದರಕಿನ ಅಡಿಗೆ ಬಿಳಿ ಬೂಸ್ಟಿನ ನೂಲು,
ಯಾರೋ ಕತ್ತಲಲ್ಲಿ ಕೂತು
ಎಲೆಗೆ ಎಲೆ ಹೊಲಿಯುತ್ತಿರುವ ಹಾಗೆ.
ಇವರಲ್ಲಿ ಮೊದಲು ಬಾಯಿ ಹಾಕಿದ್ದು ಯಾರು?
ಆ ಬೆವರಿನ ಉಪ್ಪು ಯಾರ ಪಾಲಿಗೆ?
ನಗಬೇಡಿ, ನನಗೆ ಹೊಟ್ಟೆಕಿಚ್ಚಾಯಿತು.

ಅವರನ್ನು ಸುಟ್ಟದ್ದು ಕಡಲ ದಂಡೆಯಲ್ಲಿ.
ಬೂದಿಯನ್ನು ಉಬ್ಬರ ಒಯ್ದಿತು.
ನಮ್ಮ ಅವರ್ಸಾದ ಮಣ್ಣಿಗೆ ಅವರಿಂದ
ಒಂದು ಚಿಟಿಕೆಯೂ ಸಿಕ್ಕಿರಲಿಲ್ಲ.

ಸುಗ್ಗಿಯವರು ತುರಾಯಿ ಕಟ್ಟುವ ಹೊತ್ತಿಗೆ
ಫ್ಲೋರಿನ್ ಮತ್ತೆ ಬಂದಳು.
ಮೊದಲು ಹೆದ್ದಾರಿ ತುಂಡು.
ಬಟ್ಟೆ ಹೂತ ಹಾಗೇ ಬಂತು,
ಕೆಂಪು ಹಿಡಿದದ್ದು ಬಿಟ್ಟರೆ ಒಂದು ಎಳೆ ಕಡಿದಿಲ್ಲ.
ಗೇರುಸೊನೆಯ ಕಲೆ ಸಹ ಅಲ್ಲೇ.
ನಾನು ಎದೆಗೆ ಒತ್ತಿಕೊಂಡೆ.
ಅಕ್ಕಾ, ಇದು ಒಳ್ಳೇ ಸುದ್ದಿಯಲ್ಲ ಅಂದಳು.
ಗೊತ್ತು ಅಂದೆ. ಒತ್ತಿಕೊಂಡೇ ಇದ್ದೆ.

ಹಿತ್ಲಲ್ಲಿ ಗುದ್ದಲಿ ಬೇಕಾಗಲಿಲ್ಲ.
ಕೈ ಇಳಿಸಿದರೆ ಮೊಣಕೈವರೆಗೆ ಹೋಯಿತು,
ಅವಲಕ್ಕಿ ಡಬ್ಬಿಗೆ ಕೈ ಹಾಕಿದ ಹಾಗೆ.
ತಡಕಿದೆ. ಪಂಜಿ ಇಲ್ಲ.
ಸಿಕ್ಕಿದ್ದು ಹಸುರು ಅಂಚು ಮಾತ್ರ,
ಅದು ಪಾಲಿಸ್ಟರ್ ನೂಲಂತೆ, ಯಾರಿಗೂ ಬೇಡವಾದದ್ದು.
ಅದರ ಗಂಟಿನೊಳಗೆ ಒಂದು ಎರೆಹುಳ ಮಲಗಿತ್ತು.
ಫ್ಲೋರಿನ್ ಎಣಿಸಿದಳು: ಒಂದು ಹೆಡಿಗೆ ಮಣ್ಣಿಗೆ
ನಲವತ್ಮೂರು ಹುಳ.
ಬೊಗಸೆ ಮೂಗಿಗೆ ಹಿಡಿದಳು, ನನಗೂ ಹಿಡಿದಳು.
ಮೊದಲ ಮಳೆಯ ವಾಸನೆ.
ಅವರ ವಾಸನೆ ಅಲ್ಲ.

ಕಾರ್ಡಿನಲ್ಲಿ ಖಾತೆದಾರರ ಹೆಸರು ಇನ್ನೂ
ಬೊಮ್ಮಯ್ಯ ರಾಕು ಗೌಡ ಎಂದೇ ಇದೆ.
ನಾನು ಬಾಯಲ್ಲಿ ಹೇಳದ ಹೆಸರು.
ಅದರ ಕೆಳಗೆ ಅವಳು ಬರೆದಳು: ಉತ್ತಮ.
ಇನ್ನೊಂದು ಕಾರ್ಡಿನಲ್ಲಿ ಬರೆದದ್ದನ್ನು ಓದಿ ಹೇಳಲಿಲ್ಲ.

ಹಸುರು ಅಂಚಿನಿಂದ ಬಸಳೆ ಚಪ್ಪರ ಬಿಗಿದಿದ್ದೇನೆ.
ಸಂಜೆ ಸಂಜೆ ಹಿತ್ಲ ಮಣ್ಣು ಒಂದೊಂದು ಹೆಡಿಗೆ,
ಹುಳ ಸಮೇತ, ದರಕು ಮುಚ್ಚಿ,
ಲಾರಿಗಳ ನಡುವೆ ದಾಟಿ
ಆ ತುಂಡಿಗೆ ಹೊರುತ್ತಿದ್ದೇನೆ.
ಉಳಿದ ಅರ್ಧ ಪಂಜಿ ಮತ್ತೆ ಹಗ್ಗದ ಮೇಲಿದೆ.

ಅದಕ್ಕೆ ಮೊದಲು ಹಸಿವಾಗಲಿ.
ಆಮೇಲೆ ಬಡಿಸುತ್ತೇನೆ.