ಲೈನ್ ಕ್ಲಿಯರ್

ಅರಸೀಕೆರೆ ಜಂಕ್ಷನ್ನಿನ ಗೂಡ್ಸ್ ಗಾರ್ಡ್ ಹಸ್ಕೇಲ್ ಪೇಣಕರ್
ತೀರಿಕೊಂಡಾಗ, ಅವನ ದೇವರ ಕಡೆಯವರು
ನಮ್ಮ ಸೀಮೆಯಲ್ಲಿ ಉಳಿದದ್ದು ಒಬ್ಬಳೇ,
ಮಗಳು ಸಿಪ್ಪೋರಾ.
ಕ್ರೈಸ್ತರ ಸ್ಮಶಾನದ ಬೇಲಿಯಾಚೆ ಆರು ಮೊಳ ಜಾಗ ಸಿಕ್ಕಿತು.
ಗುದ್ದಲಿ ನನ್ನದು.

ಸತ್ತವರಿಗೆಂದೇ ಒಂದು ಮಾತಿದೆಯಂತೆ ಅವರಲ್ಲಿ. ಕದ್ದಿಶ್.
ಕದ್ದದ್ದಾ ಅಕ್ಕಾ, ಅಂದೆ ತಿಳಿಯದೆ.
ಆ ತಿಂಗಳಲ್ಲಿ ಅದೊಂದೇ ಸಲ ಅವಳು ನಕ್ಕದ್ದು.
ಸಾವಿನ ಸುದ್ದಿಯೇ ಇಲ್ಲವಂತೆ ಅದರಲ್ಲಿ, ಬರೀ ಹೊಗಳಿಕೆ.
ಆದರೆ ಹತ್ತು ಗಂಡಸರು ನಿಲ್ಲಬೇಕು, ಅವರವರೇ.
ನಿಂತವರನ್ನು ಒಂದು ಎರಡು ಎಂದು ಎಣಿಸಬಾರದು,
ಹತ್ತು ಪದದ ಸಾಲೊಂದನ್ನು
ತಲೆಗೊಂದು ಪದದಂತೆ ಹಂಚಿ ನೋಡಬೇಕು.
ಅದು ನನಗೆ ಗೊತ್ತು, ಅಂದೆ.
ಕೊಬ್ಬರಿ ಮಂಡಿಯಲ್ಲಿ ನಮ್ಮಪ್ಪನೂ ಒಂದು ಅಂದವನಲ್ಲ:
ಲಾಭ, ಎರಡು, ಮೂರು.

ಮುಂಬಯಿಗೆ ಬರೆದಳು. ನಾನು ಹೆಣ್ಣು, ಒಬ್ಬಳು.
ಪಾಯಿಂಟ್ಸ್‌ಮನ್ ಮೈಲಾರಿ ಇದ್ದಾನೆ, ದೀಪದ ಗೌಸ್ ಪೀರ್ ಇದ್ದಾನೆ,
ಕ್ಯಾಬಿನ್ನಿನ ಇಬ್ಬರು, ಟೀ ಅಂಗಡಿಯ ಕುಟ್ಟನ್,
ಹಿಡಿದು ತಂದರೆ ಹನ್ನೆರಡಾಗುತ್ತಾರೆ. ಸಾಲದೆ?
ಹಜ್ಜಾನರ ಕಾರ್ಡು ಬಂತು, ಮರಾಠಿಯಲ್ಲಿ, ಮೂರೇ ಸಾಲು.
ಸಾಲದು. ಗೆರೆ ಹಾಕಿದವರು ನಾವಲ್ಲ.
ಅವರ ಹೆಸರನ್ನು ಇಲ್ಲಿ ನಾವು ಹೇಳುತ್ತೇವೆ, ನೀನು ಊಟ ಬಿಡಬೇಡ.
ಮುದುಕ ಕೆಟ್ಟವನಲ್ಲ. ಅಕ್ಷರ ನಡುಗಿದ್ದವು.

ನನಗೆ ಮಾತ್ರ ರೇಗಿತು.
ನಮ್ಮ ಹೊನ್ನಮ್ಮತ್ತೆಗೆ ಮೈಮೇಲೆ ಬಂದರೆ
ಯಾವೂರಿನ ಕಾರ್ಡಿಗೂ ಕಾಯುವುದಿಲ್ಲ ಅಕ್ಕಾ,
ಒಳಗೆ ಬಂದದ್ದನ್ನು ಹೇಳಿಬಿಡು, ಕೇಳುವವನು ಕೇಳುತ್ತಾನೆ.

ಅವಳು ಕಾರ್ಡು ಮಡಿಸಿದಳು.
"ನಮ್ಮಪ್ಪ ಇಪ್ಪತ್ತೆಂಟು ವರ್ಷ
ಡ್ರೈವರ್ ಕೈಗೆ ಟೋಕನ್ ಬಾರದೆ ಹಸಿರು ಬಾವುಟ ಎತ್ತಲಿಲ್ಲ,
ಮುಂದಿನ ಹಳಿ ಖಾಲಿ ಬಿದ್ದಿದ್ದು ಕಣ್ಣಿಗೆ ಕಂಡರೂ.
ಅವನನ್ನೇ ಟೋಕನ್ ಇಲ್ಲದೆ ಕಳಿಸಲಾ?"

ನನ್ನ ಬಾಯಿ ಕಟ್ಟಿತು.

ತಂತಿ ಕೆಟ್ಟ ರಾತ್ರಿಗೂ ರೂಲ್ ಬುಕ್ಕಿನಲ್ಲಿ ದಾರಿ ಇದೆ.
ಒಬ್ಬ ದೀಪ ಹಿಡಿದು ಹಳಿಗುಂಟ ನಡೆದು
ಮುಂದಿನ ಸ್ಟೇಷನ್ನಿನಲ್ಲಿ ಕೇಳಿ ಬರಬೇಕು.
ನಾನೇ ನೆನಪಿಸಿದೆನೋ, ಅವಳಿಗೇ ಹೊಳೆಯಿತೋ,
ಈಗ ಹೇಳಲಾರೆ.
ಮೂವತ್ತನೆಯ ರಾತ್ರಿ ಅಪ್ಪನ ಕೈದೀಪ ಹಿಡಿದು
ಬಾಣಾವರದ ಕಡೆ ಹೊರಟಳು.
ಹತ್ತು ಸ್ಲೀಪರ್ ಹಿಂದೆ ನಾನು.

ಹೋಮ್ ಸಿಗ್ನಲ್ ದಾಟಿದ ಮೇಲೆ ನಿಂತಳು.
ತಂತಿ ಕಂಬಗಳು ಗುಂಯ್ ಅನ್ನುತ್ತಿದ್ದವು.
ಹೀಬ್ರೂ ಅಲ್ಲ, ಮನೆಯ ಮರಾಠಿಯೂ ಅಲ್ಲ,
ನಮ್ಮ ರೈಲ್ವೆ ಕ್ವಾರ್ಟರ್ಸಿನ ಕನ್ನಡ:
"ನೀನು ದೊಡ್ಡೋನು. ಇದ್ದಿಲು ಮಾಡ್ದೋನು, ಬೂದಿ ಮಾಡ್ದೋನು.
ನಮ್ಮಪ್ಪನ ಕೆಮ್ಮು ಮಾಡ್ದೋನೂ ನೀನೇ.
ಆದ್ರೂ ದೊಡ್ಡೋನು."
ನಾನು ಹೂಂ ಅಂದೆ. ಕತೆ ಹೇಳುವವರಿಗೆ ಹೂಂಗುಟ್ಟಬೇಕಲ್ಲ.
ಥಟ್ಟನೆ ತಿರುಗಿ ನನ್ನ ಮುಖಕ್ಕೆ ದೀಪ ಹಿಡಿದಳು,
ಏನೋ ಕಳೆದದ್ದು ಸಿಕ್ಕವಳ ಹಾಗೆ, ಅಥವಾ ಸಿಟ್ಟಾದವಳ ಹಾಗೆ.

ಆಮೇಲೆ ಮಾತಿಲ್ಲ.
ಐವತ್ತು ವ್ಯಾಗನ್ನಿನ ಗಾಡಿ ಗೇಟು ದಾಟುವಷ್ಟು ಹೊತ್ತು
ತುಟಿ ಬಿಗಿದು ನಿಂತಿದ್ದಳು.
ಆ ಮಾತಿನ ಜಾಗವಂತೆ ಅದು. ಖಾಲಿ ಇಟ್ಟಳು.

"ಇದು ಅದಲ್ಲ ಮೈಲಾರಿ.
ಯಾರಾದರೂ ಕೇಳಿದರೆ, ಅದೇ ಅಂತ ಹೇಳಿಬಿಟ್ಟೀಯ."

ಬೆಳಗಿನ ಜಾವಕ್ಕೆ ಬಾಣಾವರ.
ಎ.ಎಸ್.ಎಂ. ಮಫ್ಲರ್ ಸುತ್ತಿಕೊಂಡು ತೂಕಡಿಸುತ್ತಿದ್ದ.
ಬಾಗಿಲಲ್ಲಿ ದೀಪ ಕೆಳಗಿಟ್ಟು ಕೇಳಿದಳು:
"ಲೈನ್ ಕ್ಲಿಯರ್ ಇದೆಯಾ?"

ಕಣ್ಣುಜ್ಜಿಕೊಂಡು ರಿಜಿಸ್ಟರ್ ಎಳೆದುಕೊಂಡ, ಪೆನ್ನು ಬಿಚ್ಚಿದ.
"ಯಾವ ಗಾಡಿಗಮ್ಮಾ?"