ಸುಣ್ಣದ ಚೌಕ

ಆ ಏಪ್ರಿಲ್‌ನಲ್ಲಿ ಸಿಂಧನೂರಿನ ಕಾಯಿಪಲ್ಲೆ ಸಂತೆ
ನಮ್ಮ ಕಾಲೇಜಿನ ಮೈದಾನಕ್ಕೆ ಬಂತು.
ಖಾಜಾಸಾಬ್ ಸರ್ ಟೇಪು ಹಿಡಿದು, ಬೆನ್ನು ಬಗ್ಗಿಸಿ
ಸುಣ್ಣದ ಪುಡಿಯಲ್ಲಿ ಚೌಕ ಹಾಕುತ್ತಿದ್ದರು.
ಪಂದ್ಯಕ್ಕೆಂದು ತರಿಸಿ, ಪಂದ್ಯ ನಿಂತು
ಕ್ರೀಡಾ ಕೋಣೆಯಲ್ಲಿ ಉಳಿದುಹೋದ ಅದೇ ಎರಡು ಚೀಲ.

ನಮ್ಮ ಆಟದ ಚೌಕದಲ್ಲಿ ಒಬ್ಬಳು ಮೂಡಲಕ್ಕೆ ಕೂತರೆ
ಮಗ್ಗುಲವಳು ಪಡುವಲಕ್ಕೆ.
ಇಲ್ಲಿ ಎಲ್ಲರ ಮುಖವೂ ಬದನೆಕಾಯಿಯ ಕಡೆಗೆ.
ಯಾರೂ ಯಾರ ಬೆನ್ನೂ ಮುಟ್ಟುವಂತಿಲ್ಲ.

ಟೊಮ್ಯಾಟೊ ಕೊಳ್ಳಲು ನಾನು ನಿಂತದ್ದು ಮೂರನೆಯದರಲ್ಲಿ.
ಮೂರನೆಯದು ನನ್ನದೇ. ಮೂರು ವರ್ಷ
ಅಲ್ಲಿ ಕುಕ್ಕರಗಾಲಲ್ಲಿ ಕೂತು
ಹಿಂದಿನಿಂದ ಬರುವ ಅಂಗೈಗಾಗಿ ಕಾದವಳು.

ಸರ್ ಮಾಸ್ಕು ಸರಿಸಿದರು:
"ಹುಲಿಗೆಮ್ಮ, ನಿನಗ ಎಷ್ಟಾತು ಈಗ?"
"ಜೂನ್ ಬಂದ್ರ ಇಪ್ಪತ್ನಾಕು ಸರ್."
ಬೆರಳು ಮಡಚಿ ಎಣಿಸಿದರು.
"ಇನ್ನೊಂದು ವರ್ಷ ಐತಿ. ಎಂ.ಎ.ಗೆ ಹೆಸರು ಹಚ್ಚು,
ಯಾವುದಾದ್ರೂ ಆಗಲಿ."
"ಆಟ ನಡಿತೈತೇನ್ರಿ ಸರ್?"
ಅವರು ಮತ್ತೆ ಬಗ್ಗಿ
ಅರ್ಧಕ್ಕೆ ನಿಂತ ಗೆರೆ ಎಳೆಯತೊಡಗಿದರು.

ಖೋ ಖೋದಲ್ಲಿ ಒಂದು ಕಾಯಿದೆ ಇದೆ:
ಎದ್ದವಳು ಒಂದು ಕಡೆಗೆ ಹೆಗಲು ತಿರುಗಿಸಿದಳೋ, ಮುಗಿಯಿತು,
ಕಂಬದವರೆಗೂ ಓಡಲೇಬೇಕು, ನಡುವೆ ಹೊರಳುವಂತಿಲ್ಲ.
ಆ ವರ್ಷ ಒಬ್ಬೊಬ್ಬರೇ ಹೆಗಲು ತಿರುಗಿಸಿದರು.

ತಸ್ಲೀಮಳ ನಿಕಾಹ್ ಇಪ್ಪತ್ತು ಜನರಲ್ಲಿ ಮುಗಿಯಿತು.
ಖರ್ಚು ಉಳಿಯಿತೆಂದು ಅವಳಪ್ಪ ಎಲ್ಲರಿಗೂ ಫೋನು ಮಾಡಿ ಹೇಳಿದ.
ಕ್ಯಾಂಪಿನ ಮಿತಾಲಿ ಮಂಡಲ್ ಅಕ್ಕಿ ಗಿರಣಿಯ ಲೆಕ್ಕಕ್ಕೆ ಕೂತಳು;
ಆಟವಿಲ್ಲದ ಕಾಲೇಜಿಗೆ ಬಸ್ ಚಾರ್ಜು ಯಾಕೆ ಅಂತ
ಎರಡನೆಯ ವರ್ಷದ ಫೀ ಕಟ್ಟಲೇ ಇಲ್ಲ.
ಯಂಕಮ್ಮನಿಗೆ ಜ್ವರ ಬಂದು ಹೋಯಿತು.
ಕಂಬ ಹಿಡಿದು ಬುಗುರಿಯಂತೆ ತಿರುಗುತ್ತಿದ್ದವಳು
ಈಗ ಮನೆಯ ಮೂರು ಮೆಟ್ಟಿಲಿಗೆ ಕೂತು ಏದುತ್ತಾಳೆ.
ಯಾರಿಗೂ ಹೇಳಬೇಡ ಅನ್ನುತ್ತಾಳೆ.
ಸರ್‌ಗಂತೂ ಹೇಳಲೇಬೇಡ.

ನಾನು ನಾಟಿಗೆ ಹೋದೆ.
ಅದೂ ಸಾಲು ಹಿಡಿದು ಆಡುವ ಆಟವೇ,
ಹಿಂದಕ್ಕೆ, ಹಿಂದಕ್ಕೆ ಸರಿಯುತ್ತ.
ಕೂಲಿಯ ನೋಟುಗಳಿಗೆ ಕೆಸರಿನ ವಾಸನೆ.
ಕೊನೆಯ ದಿನ, ದಂಡ ಸಮೇತ, ಕಿಂಡಿಯೊಳಗೆ ತೂರಿಸಿದೆ.
ಯಾವ ವಿಷಯ, ಗುಮಾಸ್ತ ಕೇಳಿದ.
ಸೀಟು ಯಾವುದರಲ್ಲಿ ಉಳಿದಿದೆಯೋ ಅದು ಎಂದೆ.
ಇತಿಹಾಸ, ಎಂದು ಬರೆದುಕೊಂಡ.

ಕ್ಲಾಸು ಫೋನಿನಲ್ಲಿ. ತಮ್ಮನ ಗಣಿತ ಮುಗಿದ ಮೇಲೆ ನನ್ನ ಪಾಳಿ.
ಎರಡನೆಯ ಬೆಳೆಗೆ ಮೊಣಕಾಲುದ್ದ ಕೆಸರಲ್ಲಿ ನಿಂತು
ಹಾಜರಿ ಕೂಗಿದ್ದೇನೆ, ಎಸ್ ಮೇಡಂ ಎಂದು;
ಸಾಲಿನ ಹೆಂಗಸರೆಲ್ಲ ಎಸ್ ಮೇಡಂ ಎಂದು ನಕ್ಕಿದ್ದಾರೆ.
ಕೃಷ್ಣೆ ತುಂಗಭದ್ರೆಯ ನಡುವಿನ ಈ ನೆಲಕ್ಕೆ
ಆ ದಂಡು ಬಂತು, ಈ ದಂಡು ಬಂತು,
ರಾಯಚೂರಿನ ಕೋಟೆ ಅವರ ಕೈಯಿಂದ ಇವರ ಕೈಗೆ ಹೋಯಿತು,
ಬೆನ್ನು ತಟ್ಟಿ ಖೋ ಎಂದಷ್ಟು ಬೇಗ.
ರಾತ್ರಿ ಎದ್ದು ಮುಂದಿನ ಪಾಠ ನೋಡಿದ್ದೂ ಉಂಟು.
ಆಡಲೆಂದು ಸೇರಿದವಳು ಓದಿಬಿಟ್ಟೆ, ಕೈತಪ್ಪಿ.

ಫೆಬ್ರವರಿಯಲ್ಲಿ ಸರ್ ಕಳಿಸಿದ ಸುತ್ತೋಲೆ, ಓರೆಯಾಗಿ ತೆಗೆದ ಫೋಟೊ:
ಈ ಸಾಲಿನ ಪಂದ್ಯಾವಳಿ ಇಲ್ಲ.
ಕೆಳಗೆ ಅವರದೇ ಮಾತು,
'ವಯಸ್ಸಿಗೆ ಒಂದು ವರ್ಷ ರಿಯಾಯಿತಿ ಕೊಡ್ತಾರಂತ. ಸುದ್ದಿ ಐತಿ.'
ಸುದ್ದಿ.
ಎರಡು ಟಿಕ್ ನೀಲಿಯಾದವು, ನಾನೇನೂ ಬರೆಯಲಿಲ್ಲ.

ಮೊನ್ನೆ ಪುಸ್ತಕ ವಾಪಸು ಕೊಡಲು ಹೋದೆ.
ಸಂತೆ ಹಳೆಯ ಜಾಗಕ್ಕೆ ಮರಳಿ ಎಷ್ಟೋ ದಿನವಾಗಿತ್ತು.
ಚೌಕಗಳನ್ನು ಮಳೆ ತಿಂದಿತ್ತು, ಅಲ್ಲಲ್ಲಿ ಮೂಲೆಗಳಷ್ಟೇ ಬಿಳಿ.
ಕಂಬದಿಂದ ಹೆಜ್ಜೆ ಹಾಕಿ ಎಣಿಸಿದೆ.
ಮೂರನೆಯದರಲ್ಲಿ, ಯಾರ ಚೀಲದಿಂದ ಉದುರಿದ್ದೋ,
ಒಂದು ಟೊಮ್ಯಾಟೊ ಸಸಿ ಗೇಣುದ್ದ ಎದ್ದು ಹೂವಿಗೆ ಬಂದಿತ್ತು.

ಕಿತ್ತು ಗೆರೆಯಾಚೆ ಎಸೆದೆ.
ಕೂರುವ ಜಾಗ ಅದು.