ಎರಡು ಪ್ರಳಯ, ಒಂದು ಸೋಫಾ

ಬಿತೊಮ್ ಊರಿನ ನಮ್ಮ ಮೂರನೇ ಮಹಡಿ
ಒಂದಿಷ್ಟು ವಾಲಿದೆ. ನೆಲದಡಿ ಹಳೆಯ ಗಣಿ, ಟೊಳ್ಳು.
ಅಡಿಗೆಮನೆಯಲ್ಲಿ ಗೋಲಿ ಇಟ್ಟರೆ
ತಾನಾಗಿ ಉರುಳಿ ಬಂದು
ಓಪಾನ ಚಪ್ಪಲಿಗೆ ತಾಗಿ ನಿಲ್ಲುತ್ತದೆ.
ತಮ್ಮ ಗೆರಾರ್ಡ್ ರಾತ್ರಿ ಊಟ ಮುಗಿಸಿ
ಲೋಕ ಮುಗಿದಲ್ಲಿಂದ ಶುರುಮಾಡುತ್ತಾನೆ.

ಅವನ ಹತ್ತಿರ ಎರಡು ಆಟ.

ಒಂದರಲ್ಲಿ ಅವನು ಮೋಡದ ಎತ್ತರದಲ್ಲಿ.
ಕೆಳಗೆ ಹಿಮದ ಬೋಗುಣಿ, ನಡುವೆ ಒಂದೇ ಕುಲುಮೆ,
ಅದರ ಸುತ್ತ ಉಂಗುರದಾಚೆ ಉಂಗುರವಾಗಿ ಗುಡಿಸಲು,
ನಾನೂರ ಹನ್ನೆರಡು ಜನ.
ಎಲ್ಲರಿಗೂ ಹೆಸರಿದೆಯಂತೆ, ಒತ್ತಿದರೆ ಕಾಣುತ್ತದಂತೆ.
ಒತ್ತುವಷ್ಟು ಪುರುಸೊತ್ತು ಯಾವ ದೊರೆಗೆ?
ಕಾನೂನು ಬರೆಯುತ್ತಾನೆ:
ಸತ್ತವರ ಕೋಟು ಉಗ್ರಾಣಕ್ಕೆ ಸೇರತಕ್ಕದ್ದು.
ಎರಡು ಪಾಳಿ ದುಡಿದವರು ಮೂರನೆಯದಕ್ಕೂ ಬರತಕ್ಕದ್ದು.
ಹಸಿವೆಂದರೆ ಮೂಲೆಯಲ್ಲೊಂದು ಕೆಂಪು ಗೆರೆ.
ಕೈ ಕೆಸರಾದರೆ ಬಾಯಿ ಮೊಸರು, ಸರಿ,
ಇಲ್ಲಿ ಕೈ ಯಾರದೋ, ಬಾಯಿ ಯಾರದೋ.

ಇನ್ನೊಂದರಲ್ಲಿ ಬೇಸಿಗೆ. ಸೊಂಟದೆತ್ತರ ಹುಲ್ಲು.
ಆಳುವುದಕ್ಕೆ ಯಾರೂ ಉಳಿದಿಲ್ಲ.
ಒಬ್ಬಳೇ ಹೆಂಗಸು, ಹಿಂದೆ ಅಂಚೆ ಹಂಚುತ್ತಿದ್ದವಳು,
ಅದೇ ಚೀಲದಲ್ಲಿ ಈಗ ಸೂಜಿ, ಮೇಣದ ತುಂಡು,
ಬೀನ್ಸಿನ ಡಬ್ಬಿ, ವಿಳಾಸದಾರರಿಲ್ಲದ ಏಳು ಕಾಗದ.
ಒದ್ದೆ ಕಾಲುಚೀಲ ಬದಲಿಸದಿದ್ದರೆ ಬೊಬ್ಬೆ,
ಬೊಬ್ಬೆ ಒಡೆದರೆ ಕೀವು, ಆಮೇಲೆ ಜ್ವರ,
ಮೂರನೇ ದಿನ ಪರದೆ ಕಪ್ಪು.
ಇಷ್ಟೇ ಸಾಕು ಇಲ್ಲಿ ಪ್ರಳಯಕ್ಕೆ,
ಅಂಗಾಲಿನಷ್ಟು ಜಾಗ.

ಮೊದಲ ಆಟದಲ್ಲಿ ಅರವತ್ತು ಮಂದಿ ಹೆಪ್ಪುಗಟ್ಟಿದ ದಿನ
ಗೆರಾರ್ಡ್ ಚಿಪ್ಸ್ ಪೊಟ್ಟಣ ಒಡೆದ.
ಎರಡನೆಯದರಲ್ಲಿ ಕುಂಟು ನಾಯಿ ವಾಪಸು ಬರದ ದಿನ
ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡ, ಬಹಳ ಹೊತ್ತು.

ಓಪಾ ಮೂವತ್ತೊಂದು ವರ್ಷ ಕೆಳಗಿಳಿದವನು.
ಪರದೆಯ ಹತ್ತಿರ ಬಂದು ಕನ್ನಡಕ ಏರಿಸಿ ಕೇಳಿದ:
‘ಇಳಿಯುವವರು ಎಲ್ಲಿ?’
‘ಇಗೋ, ಈ ಕಪ್ಪು ಚುಕ್ಕೆಯೇ ಗಣಿ.
ಹದಿನೈದು ಜನರನ್ನು ಹಾಕಿದ್ದೇನೆ.’
‘ಹಾಕಿದ್ದೀಯ,’ ಅಂದ ಓಪಾ.
ಅಷ್ಟೇ. ಹೋಗಿ ಚಹಾಕ್ಕೆ ನೀರಿಟ್ಟ.

ಎರಡನೆಯದರ ಬಗ್ಗೆ ಅವನ ತಕರಾರು ಬೇರೆ.
ಆಕೆ ಯಾರದೋ ಮನೆ ಹೊಕ್ಕು
ಬೀರು ತೆರೆದು ಉಪ್ಪಿನಕಾಯಿ ಜಾಡಿ ತೆಗೆದುಕೊಂಡಳು.
‘ಬೀರು ಮುಚ್ಚು,’ ಅಂದ.
‘ಮುಚ್ಚಲಿಕ್ಕೆ ಬಟನ್ ಇಲ್ಲ ಓಪಾ.’
‘ಹಾಗಾದರೆ ಇದನ್ನು ಮಾಡಿದವರು
ಯಾರ ಮನೆಗೂ ಹೋದವರಲ್ಲ.’

ಜನವರಿ ಹತ್ತೊಂಬತ್ತಕ್ಕೆ ಬಿಸಿನೀರಿನ ಕೊಳವೆ ಒಡೆಯಿತು.
ಇಡೀ ಬೀದಿಯ ಮನೆಗಳೆಲ್ಲ ತಣ್ಣಗೆ.
ಹೊರಗೆ ಮೈನಸ್ ಹದಿನಾಲ್ಕು, ಒಳಗೆ ನಾವು ಕೋಟಿನಲ್ಲಿ,
ಕೆಳಮಹಡಿಯ ಚೆಚಿಲಿಯಾ ಅಜ್ಜಿಯೂ ಅವಳ ಗಿಳಿಯೂ
ನಮ್ಮ ಸೋಫಾದಲ್ಲಿ, ಒಂದೇ ರಜಾಯಿಯಲ್ಲಿ.
ಕರೆಂಟು ಮಾತ್ರ ಇತ್ತು. ಓಪಾ ಕೈಚಾಚಿ
‘ಕೊಡು ಇಲ್ಲಿ’ ಅಂದ,
ಮೊದಲ ಬಾರಿಗೆ.

ಅಂಚೆಯವಳನ್ನೇ ಆರಿಸಿಕೊಂಡ.
ದಪ್ಪ ಹೆಬ್ಬೆರಳು, ಉಗುರಿನಡಿ ಇಂದಿಗೂ ಹೋಗದ ಕರಿ.
ಆಕೆಯನ್ನು ಒಂದು ಅಡಿಗೆಮನೆಗೆ ನಡೆಸಿದ,
ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದ,
ರಿಮೋಟು ತೊಡೆಯ ಮೇಲಿಟ್ಟ.
ಆಟದಲ್ಲಿ ಸಂಜೆಯಾಯಿತು. ಹುಲ್ಲು ಅಲ್ಲಾಡಿತು.
ಇಪ್ಪತ್ತು ನಿಮಿಷ.
‘ಓಪಾ, ತಿನ್ನಿಸು, ಸಾಯುತ್ತಾಳೆ.’
‘ಸುಮ್ಮನಿರು. ಅವಳು ಕೂತೇ ಇಲ್ಲ, ನೀನು ಶುರುಮಾಡಿದಾಗಿನಿಂದ.’
ಕೂತಲ್ಲೇ ಸತ್ತಳು, ಮುಖ ಬೆಳಕಿನ ಕಡೆಗೆ.
ಗಿಳಿ ಏನೋ ಜರ್ಮನ್ ಬೈಗುಳ ಹೇಳಿತು.
ಯಾರೂ ನಗಲಿಲ್ಲ, ಆಮೇಲೆ ಎಲ್ಲರೂ ನಕ್ಕೆವು.

ಯಾವ ಆಟ ಮೇಲು ಅಂತ ಕೇಳಬೇಡಿ ನನ್ನನ್ನು.
ಬೆಳಗಿನ ಜಾವ ನೀರಿಗೆದ್ದಾಗ
ಗೆರಾರ್ಡ್ ಇನ್ನೂ ಎಚ್ಚರವಿದ್ದ, ಕುಲುಮೆಯ ಊರಿನಲ್ಲಿ,
ಕಾಲ ನಿಲ್ಲಿಸಿಟ್ಟು.
ಕಪ್ಪು ಚುಕ್ಕೆ ಬಿಡಿಸಿ ಒಬ್ಬೊಬ್ಬರನ್ನೇ ಒತ್ತುತ್ತಿದ್ದ,
ತುಟಿಯಲ್ಲೇ ಓದಿಕೊಳ್ಳುತ್ತ.
ಒಂಬತ್ತನೆಯವನ ತನಕ ಬಂದಿದ್ದ.
ನನ್ನ ಹೆಜ್ಜೆಗೆ ಗೋಲಿ ಎಲ್ಲಿಂದಲೋ ಜಾರಿ
ಕತ್ತಲಲ್ಲಿ ಇಳಿಜಾರು ಹಿಡಿಯಿತು.